ಎಲ್ಲಿ ಎಂಬಲ್ಲಿನ ನಕ್ಷತ್ರ

ನಡುಕೋಡಿ,
ಉರಿತಿಂಗಳಿನ ನಾಲ್ಕನೆಯ ದಿನ, ಇಸವಿ 2187

ಪ್ರೀತಿಯ ಶ್ರಾವ್ಯಕ್ಕ, ಡೆನ್ಸಿಲಣ್ಣ,

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಬೇಕು. ನಮ್ಮಲ್ಲಿ ಕೈಯಿಂದ ಬರೆಯುವುದನ್ನು ಐದನೆಯ ತರಗತಿವರೆಗೆ ಮಾತ್ರ ಕಲಿಸುತ್ತಾರೆ, ನಾನು ಓದಿದ್ದೂ ಅಲ್ಲಿಯವರೆಗೇ. ಮೇಲೆ ಬರೆದ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ಮೇ ತಿಂಗಳ ನಂತರದ ಸೆಕೆ ಮುಗಿಯದೆ ಉದ್ದವಾಗಿದ್ದರಿಂದ ಹದಿಮೂರನೆಯ ತಿಂಗಳೊಂದನ್ನು ಸೇರಿಸಿದ್ದಾರೆ. ಅದೇ ಉರಿತಿಂಗಳು.

ನೀವು ನನ್ನ ಮುತ್ತಜ್ಜಿಗಿಂತಲೂ ಎಷ್ಟೋ ಹಿಂದಿನವರು. ಆದರೆ ನೀವು ಮಾಡಿದ ಆಪಿನ ಕೊನೆಯ ಪುಟದಲ್ಲಿ ನಿಮ್ಮಿಬ್ಬರ ಫೋಟೋ ಇನ್ನೂ ಇದೆ. ಅದರಲ್ಲಿ ನಿಮಗೆ ಹೆಚ್ಚೆಂದರೆ ಇಪ್ಪತ್ತೊಂದು ವರ್ಷ. ನನಗೆ ಹದಿನೇಳು. ಅಜ್ಜಿ ಎಂದು ಕರೆಯಲು ನಾಲಿಗೆ ಬರಲಿಲ್ಲ, ಹಾಗಾಗಿ ಅಕ್ಕ, ಅಣ್ಣ ಎಂದೆ. ಫೋಟೋದ ಕೆಳಗೆ ಒಂದು ಚೌಕವಿದೆ. ‘ನಿಮ್ಮ ಸಲಹೆ ಬರೆಯಿರಿ, ನಾವು ಖಂಡಿತ ಓದುತ್ತೇವೆ’ ಎಂದಿದೆ. ಈ ಕಾಗದದ ಚಿತ್ರ ತೆಗೆದು ಅಲ್ಲಿಗೇ ಹಾಕುತ್ತೇನೆ. ಓದುವವರು ಯಾರೂ ಇಲ್ಲ ಎಂದು ಅಪ್ಪಯ್ಯ ನಗುತ್ತಾರೆ. ನನಗೆ ಬೇರೆ ದಾರಿ ಕಾಣುವುದಿಲ್ಲ.

ನೀವು ನಮ್ಮೂರಿಗೆ ಬಂದ ದಿನದ ಕತೆ ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಕಾಲೇಜಿನ ಪ್ರಾಜೆಕ್ಟು ಎಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದಿರಂತೆ. ಬಲೆ ರಿಪೇರಿ ಮಾಡುವ ಚಪ್ಪರದಲ್ಲಿ ಕುಳಿತು ಒಬ್ಬೊಬ್ಬರ ಮೊಬೈಲಿಗೂ ಆಪ್ ಹಾಕಿಕೊಟ್ಟಿರಿ. ಕಡಲಿಗೆ ಹೋಗಿ ಬಂದವರನ್ನು ಅದು ಕೇಳುತ್ತಿತ್ತು: ಯಾವಾಗ ಹೊರಟಿರಿ, ಎಷ್ಟು ಡೀಸೆಲ್ ಹೋಯಿತು, ಯಾವ ಮೀನು ಸಿಕ್ಕಿತು, ಎಲ್ಲಿ ಸಿಕ್ಕಿತು. ಎಲ್ಲಿ ಎಂಬುದರ ಪಕ್ಕ ಕೆಂಪು ನಕ್ಷತ್ರ ಇತ್ತು. ಅದನ್ನು ತುಂಬದೆ ಮುಂದೆ ಹೋಗಲು ಬರುತ್ತಿರಲಿಲ್ಲ.

ನಮ್ಮ ಹಿರಿಯರಲ್ಲಿ ಹೆರಿಯಜ್ಜ ಎಂಬವರಿದ್ದರು. ಮೀನು ಸಿಕ್ಕಿದ ಜಾಗವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮವರಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವರು ಶ್ರಾವ್ಯಕ್ಕನನ್ನು ಕೇಳಿದರಂತೆ, “ಹೆಂಡ್ತಿಗೇ ಹೇಳ್ದಿದ್ ಜಾಗ ನಿನ್ ಮೊಬೈಲಿಗ್ ಹೇಳುದಾ ಹೆಣ್ಣೆ? ನಾಳೆ ಊರ್ ದೋಣಿ ಎಲ್ಲ ಅಲ್ಲೇ ಇರತ್ತ್.”

“ಯಾರಿಗೂ ತೋರಿಸುದಿಲ್ಲ ಅಜ್ಜ. ಹಾಕದಿದ್ರೆ ಇದು ಮುಂದೆ ಹೋಗುದಿಲ್ಲ” ಎಂದಿರಂತೆ ನೀವು.

“ಹಂಗಾರೆ ಇಲ್ಲ್ ಹಾಕ್” ಎಂದು ಅಜ್ಜ ನಕ್ಷೆಯಲ್ಲಿ ಕೆಸರುಗುಂಡಿಯ ಮೇಲೆ ಬೆರಳಿಟ್ಟರು. ಅದು ಅಳಿವೆಯ ತೆಂಕಿಗಿರುವ ಬರಿಯ ಕೆಸರಿನ ತಳ. ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಎಲ್ಲರೂ ಅಲ್ಲೇ ಬೆರಳಿಟ್ಟರು. ಅವರು ನಿಜವಾಗಿ ಹೋಗುತ್ತಿದ್ದುದು ಅಜ್ಜಿಕಲ್ಲಿಗೆ. ಅದು ನೀರೊಳಗಿನ ದೊಡ್ಡ ಬಂಡೆ. ಅದರ ಸುತ್ತ ಮುರು ಮೀನು ಮನೆ ಮಾಡಿಕೊಂಡಿರುತ್ತದೆ. ಅಜ್ಜಿಕಲ್ಲಿನ ಹೆಸರನ್ನು ನಿಮ್ಮ ಆಪಿನಲ್ಲಿ ಒಬ್ಬರೂ ಹಾಕಲಿಲ್ಲ. ಬಹಳ ವರ್ಷ, ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ, ನಡುಕೋಡಿಯ ಮೀನೆಲ್ಲ ಕೆಸರುಗುಂಡಿಯಲ್ಲೇ ಸಿಕ್ಕಿತು.

ನನ್ನ ಅಜ್ಜನ ಕಾಲಕ್ಕೆ ಮೀನು ಕಡಿಮೆಯಾಗಿ ಸಮುದ್ರವನ್ನು ಹಂಚಿದರು. ಒಂದೊಂದು ಊರಿಗೆ ಒಂದೊಂದು ತುಂಡು ನೀರು, ಅದನ್ನು ಕಡಲಪಾಲು ಎನ್ನುತ್ತೇವೆ. ಯಾರ ಹಿರಿಯರು ಎಲ್ಲಿ ಹಿಡಿಯುತ್ತಿದ್ದರೋ ಅಲ್ಲೇ ಅವರಿಗೆ ಪಾಲು ಎಂದು ನಿಯಮ ಮಾಡಿದರು. ಬೇರೆ ಊರಿನವರ ಬಳಿ ಸಾಕ್ಷಿ ಇರಲಿಲ್ಲ, ನಮ್ಮ ಬಳಿ ನಿಮ್ಮ ಆಪ್ ಇತ್ತು. ಅಜ್ಜ ಒಗೆದ ಅಂಗಿ ಹಾಕಿಕೊಂಡು ಖುಷಿಯಿಂದಲೇ ಕಚೇರಿಗೆ ಹೋದರು. ನಮಗೆ ಸಿಕ್ಕಿದ್ದು ಕೆಸರುಗುಂಡಿ.

“ಅಜ್ಜಿಕಲ್ಲ್ ನಮ್ದ್. ನಾನ್ ಹುಟ್ಟುಕ್ ಮುಂಚಿನಿಂದ ನಮ್ದ್” ಎಂದು ಅಜ್ಜ ಹೇಳಿದರು.

“ನಿಮ್ಮವರೇ ಬರೆದದ್ದಲ್ವಾ ಯಜಮಾನ್ರೆ? ಅಲ್ಲಿಗೆ ಒಂದ್ ದೋಣಿಯೂ ಹೋಗಿಲ್ಲ” ಎಂದು ಅಧಿಕಾರಿ ಪರದೆಯನ್ನು ತಿರುಗಿಸಿ ತೋರಿಸಿದರು. ಅವರು ಒಳ್ಳೆಯವರೇ, ಅಜ್ಜನಿಗೆ ಕುರ್ಚಿ ಕೊಟ್ಟು ನೀರು ಕೊಟ್ಟರು. ಆದರೆ ಅಜ್ಜ ಏನೆಂದು ಉತ್ತರ ಕೊಡುವುದು? ಸುಳ್ಳು ಬರೆದೆವು ಎಂದರೆ ಕೆಸರುಗುಂಡಿಯೂ ಹೋಗುತ್ತಿತ್ತು. ಯಾರೂ ಹಿಡಿಯದ ಜಾಗ ಎಂದು ಅಜ್ಜಿಕಲ್ಲನ್ನು ಪಂಜರದಲ್ಲಿ ಮೀನು ಸಾಕುವ ಒಂದು ಕಂಪನಿಗೆ ಕೊಟ್ಟರು.

ಈಗ ನಮ್ಮ ದಿನ ಹೀಗಿದೆ. ಪಾಲಿನ ಅಂಚಿನಲ್ಲಿ ಗಾವಲುಗುಂಡುಗಳು ತೇಲುತ್ತವೆ. ಅವು ಕಿವಿ ಇರುವ ಕಬ್ಬಿಣದ ಉಂಡೆಗಳು, ಎಂಜಿನ್ನಿನ ಸದ್ದು ಕೇಳಿದರೆ ಕೂಗುತ್ತವೆ. ಕೆಸರುಗುಂಡಿಯಲ್ಲಿ ಬಲೆ ಹಾಕಿದರೆ ಕಪ್ಪು ಮಣ್ಣು ಬರುತ್ತದೆ, ಅದನ್ನು ತೊಳೆಯುವಷ್ಟರಲ್ಲಿ ಅಮ್ಮನ ಸೊಂಟ ಬಿದ್ದುಹೋಗುತ್ತದೆ. ಊರಿನ ಅರ್ಧ ಜನ ಕಂಪನಿಯ ಪಂಜರ ಉಜ್ಜುವ ಕೆಲಸಕ್ಕೆ ಹೋಗುತ್ತಾರೆ. ಅಪ್ಪಯ್ಯ ಹೋಗುವುದಿಲ್ಲ. ಅಂಚಿನ ಹತ್ತಿರ ಎಂಜಿನ್ ನಿಲ್ಲಿಸಿ, ಹುಟ್ಟು ಹಾಕಿಕೊಂಡು ಅಜ್ಜಿಕಲ್ಲಿಗೆ ಹೋಗುತ್ತಾರೆ. ಕಳೆದ ವರ್ಷ ಒಮ್ಮೆ ಸಿಕ್ಕಿಬಿದ್ದರು, ಎಚ್ಚರಿಕೆ ಕೊಟ್ಟು ಬಿಟ್ಟರು. ಇನ್ನೊಮ್ಮೆ ಸಿಕ್ಕಿದರೆ ದೋಣಿ ಹೋಗುತ್ತದೆ. ದೋಣಿ ಹೋದರೆ ಅಪ್ಪಯ್ಯ ಏನಾಗುತ್ತಾರೆ ಎಂದು ನನಗೆ ಗೊತ್ತು, ಅದನ್ನು ಬರೆಯಲಾರೆ.

“ಹೋಗ್ಬೇಡಿ ಅಪ್ಪಯ್ಯ” ಎಂದರೆ, “ಅಜ್ಜಿ ಮನೆಗ್ ಹೋಪ್ದಕ್ ಯಾರನ್ನ ಕೇಳ್ಕ್ ಮಗಾ?” ಎನ್ನುತ್ತಾರೆ. ನಾನು ದಡದಲ್ಲಿ ನಿಂತು ಗಾವಲುಗುಂಡು ಕೂಗುತ್ತದೆಯೇ ಎಂದು ಕೇಳುತ್ತಿರುತ್ತೇನೆ. ಅದಕ್ಕಿಂತ ಹೆಚ್ಚು ನನ್ನಿಂದ ಏನೂ ಆಗುವುದಿಲ್ಲ.

ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಹೆರಿಯಜ್ಜನ ಮೇಲೂ ಇಲ್ಲ. ನೀವು ಒಳ್ಳೆಯದಕ್ಕೇ ಕೇಳಿದಿರಿ, ಅವರು ಕಾಪಾಡಲಿಕ್ಕೇ ಸುಳ್ಳು ಹೇಳಿದರು. ಒಂದೇ ಒಂದು ಬೇಡಿಕೆ ಇದೆ. ನೀವಿನ್ನೂ ಚಪ್ಪರದಲ್ಲಿ ಕುಳಿತಿದ್ದರೆ, ಎಲ್ಲಿ ಎಂಬುದರ ಪಕ್ಕದ ಆ ನಕ್ಷತ್ರವನ್ನು ತೆಗೆದುಬಿಡಿ. ಹೆರಿಯಜ್ಜ ಆ ಜಾಗವನ್ನು ಖಾಲಿ ಬಿಡಲಿ. ಖಾಲಿ ಇದ್ದಿದ್ದರೆ ನನ್ನ ಅಜ್ಜನಿಗೆ ಕಚೇರಿಯಲ್ಲಿ ಏನಾದರೂ ಹೇಳಲು ಬರುತ್ತಿತ್ತು.

ಇದನ್ನು ಬರೆಯುವ ಮೊದಲು, ಬೆಳಿಗ್ಗೆ, ಅಪ್ಪಯ್ಯ ಸುರಕ್ಷಿತವಾಗಿ ಬಂದರು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ದೋಣಿಯಲ್ಲಿ ಎರಡು ಮುರು ಮೀನು ಇದ್ದವು. ಮಾರಬೇಕಾದರೆ ಈಗಲೂ ಮೊದಲು ನಿಮ್ಮ ಆಪಿನಲ್ಲೇ ಬರೆಯಬೇಕು, ನಮ್ಮ ಮನೆಯಲ್ಲಿ ಅದು ನನ್ನ ಕೆಲಸ. ಹೊರಟ ಹೊತ್ತು ಬರೆದೆ, ಮೀನು ಬರೆದೆ. ಎಲ್ಲಿ ಎಂಬುದರ ಪಕ್ಕ ನಕ್ಷತ್ರ ಇತ್ತು. ಕೆಸರುಗುಂಡಿಯ ಮೇಲೆ ಬೆರಳಿಟ್ಟೆ.

ಇಂತಿ ನಿಮ್ಮ,
ಮುಕ್ತೆ