ಅರೆ ದಿನದ ಮುಯ್ಯಿ

ಬಿಂಡಿಗನವಿಲೆ
ಡಿಸೆಂಬರ್ ೧೯೬೮

ತಮ್ಮ ಚಿಕ್ಕಬೀರನಿಗೆ,

ಆಶೀರ್ವಾದವನ್ನು ಕಾಗದದ ಕೊನೆಗೆ ಇಟ್ಟಿದ್ದೇನೆ. ಮೊದಲು ಬೈಗುಳ ಓದು.

ಗಂಜಾಂನಿಂದ ಹೊರಟು ಪಾಂಡವಪುರ, ನಾಗಮಂಗಲ ಎಂದು ಬಸ್ಸು ಬದಲಿಸುವಾಗ ದಾರಿಯುದ್ದಕ್ಕೂ ಅಂದುಕೊಂಡೆ: ಬೀರನನ್ನು ಯಾರೋ ಸಿಕ್ಕಿಸಿದ್ದಾರೆ, ಅವನಿಗೇನೂ ತಿಳಿದಿರಲಿಕ್ಕಿಲ್ಲ. ಸಬ್‌ಜೈಲಿನ ಸರಳಿನ ಆಚೆ ನಿಂತು ನೀನು ಆಡಿದ ಮೊದಲ ಮಾತು ಏನು? "ಅರೆ ದಿನದ ಮುಯ್ಯಿ ಉಳ್ಕಂಡ್‌ಬುಡ್ತು ಕಣಕ್ಕ." ಜಾಮೀನಿನ ಮಾತಿಲ್ಲ, ಅವ್ವನ ಮಾತಿಲ್ಲ.

ವಕೀಲರಿಗೆ ಮುಯ್ಯಿ ಎಂದರೇನೆಂದು ಬಿಡಿಸಿ ಹೇಳಬೇಕಾಯಿತು. ನಮ್ಮ ಹೊಲಕ್ಕೆ ಅವರು ಬಂದು ದುಡಿದರೆ ಅವರ ಹೊಲಕ್ಕೆ ನಾವು ಹೋಗಿ ದುಡಿಯಬೇಕು. ಕೂಲಿಯಿಲ್ಲ, ದಿನಕ್ಕೆ ದಿನ. ಲಿಂಗಣ್ಣ ನಮ್ಮ ರಾಗಿಯಲ್ಲಿ ಎರಡು ದಿನ ಕಳೆ ಕಿತ್ತಿದ್ದ, ನೀನು ಎರಡು ದಿನ ಅವನಿಗೆ ಹೋಗಬೇಕಿತ್ತು. "ಹರಳು ಕಾಯಿ ಕೀಳೋಕೆ ಅಂತ ಕರೆದು ಭಂಗಿ ಸೊಪ್ಪು ಕೊಯ್ಸಿದ್ನಾ? ಸರಿ, ನಿಮ್ಮ ತಮ್ಮನಿಗೆ ಗೊತ್ತಿರಲಿಲ್ಲ ಅನ್ನೋಣ" ಎಂದರು ವಕೀಲರು. ಮೊದಲ ದಿನ ಗೊತ್ತಿರಲಿಲ್ಲ, ನಿಜ. ಹರಳಿನ ಸಾಲು ಮುಗಿದು, ಹಳ್ಳದ ದಂಡೆಯ ಸರ್ಕಾರಿ ಖರಾಬಿನಲ್ಲಿ ಆಳೆತ್ತರದ ಆ ಗಾಂಜಾ ಗಿಡಗಳು ಕಂಡಾಗ ಸಂಜೆಯಾಗಿತ್ತು. ಮರುದಿನ? ಕುಡುಗೋಲು ಮಸೆದುಕೊಂಡು ಹೋದೆಯಲ್ಲ! ಅವ್ವ ಬಾಗಿಲಿಗೆ ಅಡ್ಡ ನಿಂತು, "ಬ್ಯಾಡ ಕಣ್ಲಾ, ಅದು ಕೆಟ್ ಸೊಪ್ಪು" ಎಂದರೆ, "ಗಿಡ ಅವನ್ದು, ದಿನ ನನ್ದು ಕಣವ್ವ" ಎಂದೆಯಂತೆ. ಆ ಮಾತು ಹೊಳೆದಾಗ ನಿನಗೆ ಬಹಳ ಸಂತೋಷವಾಗಿರಬೇಕು. ವಕೀಲರು ಹೇಳುವುದು ಇಷ್ಟೇ: ಬೆಳೆದವನು ಯಾರೇ ಆಗಲಿ, ಗೊತ್ತಿದ್ದೂ ಕೈ ಜೋಡಿಸಿದವನು ತಪ್ಪಿತಸ್ಥನೇ. ಕೂಲಿ ಮುಟ್ಟಲಿಲ್ಲ ಎಂಬ ನಿನ್ನ ಹೆಮ್ಮೆಯನ್ನು ಕೋರ್ಟಿನಲ್ಲಿ ಯಾರೂ ಕೇಳುವುದಿಲ್ಲ.

ಅಬಕಾರಿಯವರ ಜೀಪು ಬಂದಾಗ ಲಿಂಗಣ್ಣ ಹಳ್ಳ ಹಾರಿ ಹೋದ. ನೀನು ಕೈಯಲ್ಲಿದ್ದ ಕಂತೆಯನ್ನು ಕಟ್ಟಿ ಮುಗಿಸಿದೆ. ಇನ್‌ಸ್ಪೆಕ್ಟರು ನಗುತ್ತಾ ವಕೀಲರಿಗೆ ಹೇಳಿದರಂತೆ: "ಯಾಕೋ ಓಡ್ಲಿಲ್ಲ ಅಂದ್ರೆ, ಅರ್ಧಕ್ಕೆ ಬುಟ್ಟು ಹೋದ್ರೆ ಮುಯ್ಯಾಳಾಯ್ತೀನಾ ಸಾ ಅಂತಾನೆ!" ನನಗೆ ನಗು ಬರಲಿಲ್ಲ.

ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಕಟಕಟೆಯಲ್ಲಿ ನಿಂತವರು ಪುಟಗಟ್ಟಲೆ ಮಾತಾಡುತ್ತಾರೆ. ನಿನ್ನಿಂದ ಬೇಕಿರುವುದು ಒಂದು ಹೆಸರು. ಖರಾಬಿನ ನೆಲಕ್ಕೆ ಒಡೆಯನಿಲ್ಲ, ಕುಡುಗೋಲು ಇದ್ದದ್ದು ನಿನ್ನ ಕೈಯಲ್ಲಿ. ಸೋಮವಾರ ಕೋರ್ಟಿನಲ್ಲಿ ಬಾಯಿ ಬಿಡದಿದ್ದರೆ ಬೆಳೆದವನೂ ನೀನೇ ಆಗುತ್ತೀ. ಬಿಟ್ಟರೆ ಬರೀ ಕೈ ಜೋಡಿಸಿದವನಾಗಿ ಉಳಿಯುತ್ತೀ. ಶಿಕ್ಷೆ ಕಡಿಮೆಯಾದೀತೆಂದು ವಕೀಲರ ಆಸೆ. ಇದನ್ನೆಲ್ಲ ಹೇಳಿದರೆ ನೀನು ಸರಳನ್ನು ಉಗುರಿನಿಂದ ಕೆರೆಯುತ್ತಾ, "ಮುಯ್ಯಿ ತೀರ್ಸದೆ ಅವನ್ ಮ್ಯಾಲೆ ಎಂಗಕ್ಕ ಯೋಳ್ಲಿ?" ಎಂದೆ. ಕೆನ್ನೆಗೆ ಬಾರಿಸಬೇಕೆನಿಸಿತು. ಸರಳು ಅಡ್ಡವಿತ್ತು.

ನಿನ್ನೆ ಅವ್ವನ ಕುಡುಗೋಲು ತೆಗೆದುಕೊಂಡು ಲಿಂಗಣ್ಣನ ರಾಗಿ ಹೊಲಕ್ಕೆ ಹೋದೆ. ಅವನ ಹೆಂಡತಿ ಮಾದಮ್ಮ ಒಬ್ಬಳೇ ಕೊಯ್ಯುತ್ತಿದ್ದಳು.

"ಏನ್ ಪ್ರೇಮಕ್ಕ, ಪಟ್ಣದೋರು ಇತ್ಲಾಗೆ?"

ಬೀರನ ಅರೆ ದಿನ ತೀರಿಸಲು ಬಂದೆ ಎಂದೆ. ಅದು ಯಾತಕ್ಕೆಂದು ಅವಳಿಗೆ ತಕ್ಷಣ ತಿಳಿಯಿತು. ಕೈ ನಿಂತಿತು. ಬೇಡ ಹೋಗಿ ಎಂದಿದ್ದರೆ ನಾನು ಮಾಡುವುದೇನೂ ಇರಲಿಲ್ಲ. ನಿನ್ನ ಬಾಯಿಯೂ ಮುಚ್ಚಿಯೇ ಇರುತ್ತಿತ್ತು. ಕೊಯ್ದದ್ದನ್ನು ಬದಿಗಿಟ್ಟು ಅವಳು ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು.

ಮದುವೆಯಾದ ಮೇಲೆ ಕುಡುಗೋಲು ಹಿಡಿದವಳಲ್ಲ ನಾನು. ಬೆರಳು ಕುಯ್ದುಕೊಂಡೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. "ನೀವು ಕುಯ್ಯೋ ಚೆಂದ ನೋಡಿ ರಾಗೀನೂ ನಗ್ತದೆ ಕಣಕ್ಕ" ಎಂದು ಮಾದಮ್ಮ ಗೇಲಿ ಮಾಡಿದಳು. ಹೊತ್ತು ಇಳಿದಾಗ ಕುಡುಗೋಲನ್ನು ನನ್ನ ಕೈಯಿಂದ ತಾನೇ ಇಸಿದುಕೊಂಡಳು.

"ತೀರ್ತು. ಬೀರನ್‌ಗೆ ಯೋಳ್‌ಬುಡಿ, ನಮ್ಗೂ ನಿಮ್ಗೂ ಏನೂ ಉಳೀನಿಲ್ಲ. ನನ್ ಗಂಡ ಹಳ್ಳ ಹಾರುವಾಗ ನನ್ನ ಕೇಳಿ ಹಾರುದ್ನಾ?"

ಆಮೇಲೆ ಮುದ್ದೆ ಇಕ್ಕಿದಳು. ಬೇಡವೆನ್ನದೆ ಉಂಡೆ. ಮುಯ್ಯಾಳು ಉಣ್ಣದೆ ಎದ್ದರೆ ಆ ದಿನ ಸಲ್ಲುವುದಿಲ್ಲವಲ್ಲ.

ಇನ್ನು ನಿನಗೆ ನೆಪವಿಲ್ಲ. ಸೋಮವಾರ ಲಿಂಗಣ್ಣನ ಹೆಸರು ಹೇಳು. ಎರಡನೆಯ ದಿನ ಗೊತ್ತಿದ್ದೇ ಹೋದೆ ಎಂಬುದನ್ನೂ ಹೇಳು. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ, ಮಾದಮ್ಮ ಬಿಟ್ಟುಕೊಟ್ಟ ಜಾಗಕ್ಕೆ ನೀನು ಯೋಗ್ಯನಲ್ಲ.

ನಮ್ಮ ರಾಗಿಯೂ ಒಣಗಿ ನಿಂತಿದೆ. ಕೊಯ್ಯುವುದಕ್ಕೆ ಮಾದಮ್ಮನನ್ನೇ ಮುಯ್ಯಿಗೆ ಕರೆಯಲೇ ಎಂದು ಅವ್ವ ಬೆಳಗಿನಿಂದ ಕೇಳುತ್ತಿದ್ದಾಳೆ. ಸೋಮವಾರ ಕಳೆಯುವವರೆಗೆ ಸುಮ್ಮನಿರು ಎಂದು ಅವಳಿಗೂ ಬೈದಿದ್ದೇನೆ.

ಇಗೋ ಆಶೀರ್ವಾದ: ಮೈಯಲ್ಲಿ ಚೆನ್ನಾಗಿರು, ಬೇಗ ಮನೆಗೆ ಬಾ.

ಬೆರಳು ಕುಯ್ದುಕೊಂಡ ನಿನ್ನ ಅಕ್ಕ,
ಪ್ರೇಮಮ್ಮ