ಬೆಳ್ಳಿ ಬಟ್ಟೆಯ ಮೇಲಿನ ಕೈ

ಕತ್ಸುಯಾಮ, ಫುಕುಯಿ
ಫೆಬ್ರವರಿ ೯

ಅಣ್ಣ ತದಯುಕಿಗೆ,

ಆರೋಗ್ಯವಾಗಿದ್ದೀ ತಾನೇ? ಥಾಯ್ಲೆಂಡಿನ ಸೆಕೆಗೆ ಹೊಟ್ಟೆ ಕೆಟ್ಟಿಲ್ಲವಷ್ಟೆ? ನಮ್ಮಲ್ಲಿ ಪತ್ರವನ್ನು ಹವಾಮಾನದಿಂದಲೇ ಶುರುಮಾಡಬೇಕು. ಸರಿ, ಹಿಮ ಬಿದ್ದಿದೆ. ಮಾಡಿನ ಮೇಲಿನದನ್ನು ಕೆಡವಲು ನಾನೇ ಹತ್ತಿದ್ದೆ. ಪದ್ಧತಿ ಮುಗಿಯಿತು, ಇನ್ನು ನನ್ನ ಸಿಟ್ಟನ್ನು ಓದು.

ಆಸ್ಪತ್ರೆಯವರು ವಾಪಸು ಮಾಡಿದ ಬಟ್ಟೆಯ ಥಾನು ಮೊನ್ನೆ ಕಾರ್ಖಾನೆಗೆ ಬಂತು. ಅದೇ, ಸ್ಕ್ಯಾನಿಂಗ್ ಕೋಣೆಯೊಳಗೆ ಹೊರಗಿನ ರೇಡಿಯೋ ಅಲೆಗಳು ನುಗ್ಗದಂತೆ ಅದರ ಗೋಡೆಗೆಂದು ನಾವು ಬೆಳ್ಳಿ ಲೇಪಿಸಿಕೊಟ್ಟ ಪಾಲಿಯೆಸ್ಟರ್. ಕಲೆಯಾಗಿದೆಯೆಂದು ಅವರ ಫೋನು ಬಂದಾಗ ಆ ಕಲೆಯನ್ನು ನೀನು ಕಣ್ಣಿನಿಂದ ನೋಡಿರಲೂ ಇಲ್ಲ. ಆದರೂ ಎಲ್ಲರೆದುರು ಎದ್ದು ನಿಂತು ಮ್ಯಾನೇಜರಿಗೆ, "ನಮ್ಮಮ್ಮಂಗೆ ವಯಸ್ಸಾಯ್ತು ಸರ್, ಗ್ಲೌಸ್ ಹಾಕೋದು ಮರ್ತಿರ್ಬೇಕು" ಅಂದುಬಿಟ್ಟೆ! ಅಮ್ಮ ತಲೆ ಬಗ್ಗಿಸಿ, "ನನ್ನ ಕೈಯೇ ಇರ್ಬೇಕು, ಕ್ಷಮಿಸಿ" ಅಂದಳು. ನಾವಿಬ್ಬರೂ ಹುಟ್ಟುವ ಮೊದಲಿನಿಂದ ಅಲ್ಲೇ ಬಟ್ಟೆ ಪರೀಕ್ಷಿಸುತ್ತಿದ್ದವಳಿಗೆ ಮಾರನೆಯ ದಿನದಿಂದ ಬರಬೇಡಿ ಎಂದರು. ಕೆಲಸ ಬಿಟ್ಟುಹೋಗುವವರಿಗೆಲ್ಲ ಕೊಡುವ ಹೂಗುಚ್ಛವನ್ನೂ ಕೊಡಲಿಲ್ಲ. ನೀನು ಬಡ್ತಿ ಜೇಬಿಗೆ ಹಾಕಿಕೊಂಡು ಥಾಯ್ಲೆಂಡಿನ ಶಾಖೆಗೆ ವಿಮಾನ ಹತ್ತಿದೆ.

ಥಾನನ್ನು ಕತ್ತರಿಸಿ ಗುಜರಿಗೆ ಹಾಕುವ ಕೆಲಸ ಲೇಪನದ ತೊಟ್ಟಿಯ ಹತ್ತಿರ ಕೆಲಸ ಮಾಡುವ ನನ್ನ ಪಾಲಿಗೇ ಬಂತು. ಬಿಡಿಸಿ ನೋಡಿದೆ. ಬರಿಗೈ ತಾಗಿದರೆ ಬೆಳ್ಳಿ ಆ ಹೊತ್ತಿಗೆ ಏನನ್ನೂ ತೋರಿಸುವುದಿಲ್ಲ. ಬೆವರು ಒಳಗೊಳಗೇ ತಿಂದು, ವಾರಗಳು ಕಳೆದ ಮೇಲೆ ಕಪ್ಪಾಗಿ ಏಳುತ್ತದೆ. ನಿನಗೆ ಹೇಳಿಕೊಡಬೇಕೆ, "ಬರಿಗೈಯಲ್ಲಿ ಮುಟ್ಟಬೇಡಿ" ಎಂದು ಗೋಡೆಗೆ ಬೋರ್ಡು ಹಾಕಿಸಿದ ಮಹಾನುಭಾವ ನೀನೇ. ಪರೀಕ್ಷೆಯ ಕಡ್ಡಿಗಳನ್ನು ತಾಗಿಸಿದೆ. ಉಳಿದ ಕಡೆಯೆಲ್ಲ ಕರೆಂಟು ಹರಿದು ದೀಪ ಝಗ್ಗೆಂದಿತು, ಕಲೆಯ ಮೇಲೆ ಮಂಕಾಯಿತು. ಆ ಕಲೆ ಒಂದು ಇಡೀ ಅಂಗೈ ಅಣ್ಣಾ, ಗಂಡಸಿನ ಬಲಗೈ. ಅದರ ನಡುಬೆರಳು ಅರ್ಧಕ್ಕೇ ನಿಂತಿದೆ.

ನಿನ್ನ ಆ ಅರ್ಧ ಬೆರಳು ಅಜ್ಜನ ಮಗ್ಗಕ್ಕೆ ಸಿಕ್ಕಿ ಹೋದಾಗ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದಲ್ಲಿ ಡಾಕ್ಟರ ಮನೆಗೆ ಓಡಿದವಳು ಯಾರು? ಆಸ್ಪತ್ರೆಯವರು ಕಾರ್ಖಾನೆ ನೋಡಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. "ನೋಡಿ ಸರ್, ರೇಷ್ಮೆ ಥರಾನೇ ಇದೆ" ಎಂದು ಹೊಸ ಅಳಿಯನ ಹಾಗೆ ಬೀಗುತ್ತಾ ನೀನೇ ಥಾನನ್ನು ಬರಿಗೈಯಲ್ಲಿ ತಟ್ಟಿದ್ದೆ. ನಾಚಿಕೆಯಾಗಬೇಕು ನಿನಗೆ!

ಆ ತುಂಡನ್ನು ಕತ್ತರಿಸಿ ತಂದು ಕಪಾಟಿನಲ್ಲಿ ಮಡಿಸಿಟ್ಟ ಹಾಸಿಗೆಗಳ ಕೆಳಗೆ ಬಚ್ಚಿಟ್ಟಿದ್ದೇನೆ. ನೀನೇ ಮ್ಯಾನೇಜರಿಗೆ ಫೋನು ಮಾಡಿ ನಿಜ ಹೇಳು. ಆಮೇಲೆ ಬಂದು ಅಮ್ಮನ ಮುಂದೆ ಮಂಡಿಯೂರು. ವಸಂತದಲ್ಲಿ ಅಪ್ಪನ ಸಮಾಧಿಗೆ ಹೋಗುವ ದಿನದೊಳಗೆ ಇದಾಗದಿದ್ದರೆ ಆ ತುಂಡನ್ನು ಕಾರ್ಖಾನೆಯ ಗೇಟಿಗೇ ನೇತುಹಾಕುತ್ತೇನೆ. ಅಮ್ಮನಿಗೆ ಇನ್ನೂ ತಿಳಿಸಿಲ್ಲ. ನಿನ್ನ ಹೆಸರೆತ್ತಿದರೆ ಈಗಲೂ ಅವಳ ಮುಖ ಅರಳುತ್ತದೆ, ಅದನ್ನು ನೋಡಿದರೆ ನನಗೆ ಇನ್ನಷ್ಟು ಉರಿಯುತ್ತದೆ. ನಿನಗೆಂದು ತೌಡಿನಲ್ಲಿ ಊರಹಾಕಿದ ಬಂಗಡೆ ಮೀನು ಕಟ್ಟಿಕೊಟ್ಟಿದ್ದಾಳೆ. ನನಗೆ ಮನಸ್ಸಿಲ್ಲ, ಆದರೂ ಕಳಿಸುತ್ತಿದ್ದೇನೆ.

ಬಿಸಿಲಿನಲ್ಲಿ ತಲೆಗೆ ಏನಾದರೂ ಹಾಕಿಕೊಂಡು ಓಡಾಡು.

ನಿನ್ನ ತಂಗಿ,
ಚಿಜುರು

ವಿ. ಸೂ.: ಆ ತುಂಡಿನ ಫೋಟೋ ತೆಗೆದು ಇದರ ಜೊತೆ ಇಡೋಣವೆಂದು ಕಪಾಟು ತೆರೆದರೆ ಅದು ಅಲ್ಲಿರಲಿಲ್ಲ. ಅಮ್ಮ ಬಚ್ಚಲಲ್ಲಿ ಕೂತು ಅಡುಗೆ ಸೋಡಾ ಹಾಕಿ ಬ್ರಷ್ಷಿನಿಂದ ತಿಕ್ಕುತ್ತಿದ್ದಾಳೆ. "ಅವನು ಮುಟ್ಟಿದ್ದನ್ನ ಅವತ್ತೇ ನೋಡಿದ್ದೆ ಕಣೇ. ಇನ್ಯಾರ ಕಣ್ಣಿಗೂ ಬೀಳೋದು ಬೇಡ" ಅಂದಳು. ಕಪ್ಪು ಹೋಗಿದೆ, ಅದರ ಜೊತೆ ಬೆಳ್ಳಿಯೂ ಎದ್ದುಹೋಗಿದೆ. ಸುತ್ತ ಬೆಳ್ಳಿ, ನಡುವೆ ಬರೀ ಬಿಳಿ ಬಟ್ಟೆ. ನಿನ್ನ ಕೈ ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ. ಅಮ್ಮ ಇನ್ನೂ ತಿಕ್ಕುತ್ತಲೇ ಇದ್ದಾಳೆ, ನನ್ನ ಮಾತು ಕೇಳುತ್ತಿಲ್ಲ. ಅಣ್ಣಾ, ನೀನೇ ಬಂದು ನಿಲ್ಲಿಸು.