ಬಿದಿರ ಬನಿಯನ್, ನದಿಯ ಗುಟುಕು

ಜೂನ್ 28, ಬೆಳಿಗ್ಗೆ

ಗಂಟಲು ಸರಿ ಇದೆ. ಉಪ್ಪುನೀರು ಮುಕ್ಕಳಿಸಿ, ಗಂಜಿ ಕುಡಿದು, ದಂಡೆಗೆ ಹೋಗಿ ಗರ್ಜಿಸಿದೆ. ಆಚೆ ದಡದ ಎಮ್ಮೆ ತಲೆ ಎತ್ತಿ ನೋಡಿತು. ಎಮ್ಮೆ ತಲೆ ಎತ್ತಿದ ದಿನ ರಾತ್ರಿಯ ಆಟ ಗೆದ್ದಂತೆಯೇ!

ಮೈ ಮಾತ್ರ ಸರಿ ಇಲ್ಲ. ಬೆವರುಗುಳ್ಳೆ. ಸಿಚುವಾನಿನ ಈ ಸೆಕೆಯಲ್ಲಿ ಕರಿಮುಖದ ಸೇನಾಪತಿ ವೇಷ — ರೇಷ್ಮೆ ನಿಲುವಂಗಿ, ಬೆನ್ನಿಗೆ ಬಾವುಟ. ಒಳಗೆ ಗುರುಗಳು ಬಿಟ್ಟುಹೋದ ಬಿದಿರುಮಣಿ ಬನಿಯನ್. ಕಡ್ಡಿಯಂಥ ಬಿದಿರನ್ನು ಮಣಿಮಣಿಯಾಗಿ ಕತ್ತರಿಸಿ ಬಲೆಯ ಹಾಗೆ ಪೋಣಿಸಿದ್ದು. ಬೆವರಿಗೂ ರೇಷ್ಮೆಗೂ ನಡುವೆ ಅದೇ ಕಾವಲು. ರೇಷ್ಮೆ ಒಗೆಯುವ ಹಾಗಿಲ್ಲವಲ್ಲ. ಜೋಳದ ಸಾರಾಯಿ ಚಿಮುಕಿಸಿ ಒಣಗಿಸುವುದಷ್ಟೇ.

ನಿನ್ನೆ ಮತ್ತೆ ದಾರ ಹರಿಯಿತು. ವೇಷಭೂಷಣ ನೋಡಿಕೊಳ್ಳುವ ಪು ಚಿಕ್ಕಮ್ಮ ಮಣಿ ಪೋಣಿಸುತ್ತಾ ಕೂತಿದ್ದಾಳೆ.

"ದಾರದ ತಪ್ಪಲ್ಲ ಕಣಪ್ಪಾ. ಸೇನಾಪತಿ ಹೊಟ್ಟೆ ಕೋಟೆ ದಾಟಿ ಹೊರಗೆ ಬರ್ತಿದೆ."

"ಅದು ಹೊಟ್ಟೆ ಅಲ್ಲ ಚಿಕ್ಕಮ್ಮ. ದನಿಯ ಉಗ್ರಾಣ!"

ಜುಲೈ 2

ಟಾನ್ ಅಕ್ಕ — ನಾಟಕ ಮೇಳದ ಒಡತಿ — ಕುಣಿದುಕೊಂಡು ಬಂದಳು. ಚಿಂಗ್‌ಶಿ ಊರಿನ ಬಿದಿರುಬಟ್ಟೆ ಫ್ಯಾಕ್ಟರಿಯವರು ಮೂರು ವರ್ಷ ನಮ್ಮ ಮೇಳ ಸಾಕುತ್ತಾರಂತೆ. ಇಲ್ಲದಿದ್ದರೆ ಈ ಚಳಿಗಾಲಕ್ಕೆ ಪೆಟ್ಟಿಗೆ ಮುಚ್ಚುವುದೇ ಅಂತ ಅವಳೇ ಹೇಳುತ್ತಿದ್ದಳು. ಬದಲಿಗೆ ಆಟದ ಕೊನೆಗೆ ನಾನು ಅವರ ಬನಿಯನ್ ತೋರಿಸಿ ಒಂದು ಮಾತು ಹೇಳಬೇಕು:

"ಬೆಟ್ಟದಿಂದ ನೇರ ನಿಮ್ಮ ಮೈಗೆ — ಯಾರಿಗೂ ನೋವಿಲ್ಲ, ಯಾವುದಕ್ಕೂ ಹಾನಿಯಿಲ್ಲ!"

ಸಾಲು ಚೆನ್ನಾಗಿದೆ. ಕೊನೆಯಲ್ಲಿ ದನಿ ಎತ್ತಲು ಜಾಗ ಇದೆ.

ಜುಲೈ 4

ಆಹಾ! ಫ್ಯಾಕ್ಟರಿಯವರು ಕೊಟ್ಟ ಈ ಬನಿಯನ್! ಬೆಣ್ಣೆ ತೊಟ್ಟ ಹಾಗೆ. ಎರಡೇ ದಿನಕ್ಕೆ ಬೆನ್ನಿನ ಉರಿ ಇಳಿಯಿತು. ಬೆವರನ್ನು ಕುಡಿದುಬಿಡುತ್ತದೆ. ಮಣಿ ಬನಿಯನ್ ಬೇಡವೇ ಬೇಡ ಅಂತ ಘೋಷಿಸಿ, ಇದೊಂದನ್ನೇ ತೊಟ್ಟು ಆಡಿದೆ.

ಘೋಷಣೆ ವಾಪಸ್. ಎರಡನೇ ಅಂಕಕ್ಕೆ ಬನಿಯನ್ ತೊಯ್ದು ಮುದ್ದೆ. ಕುಡಿದದ್ದನ್ನೆಲ್ಲ ರೇಷ್ಮೆಗೆ ದಾಟಿಸಿಬಿಟ್ಟಿದೆ. ನಿಲುವಂಗಿಯ ಬೆನ್ನ ಮೇಲೆ ಉಪ್ಪಿನ ನಕ್ಷೆ. ಪು ಚಿಕ್ಕಮ್ಮ ಸಾರಾಯಿ ಬಾಯಿಗೆ ತುಂಬಿ ಉಗುಳುತ್ತಾ, ನಡುನಡುವೆ ನನ್ನನ್ನೂ ಉಗಿದಳು.

ಉಪಾಯ ಹೊಳೆಯಿತು. ಒಳಗೆ ಮೆತ್ತನೆಯ ಬಿದಿರು, ಮೇಲೆ ಗಟ್ಟಿ ಬಿದಿರು. ಗೆದ್ದೆ!

ಜುಲೈ 6, ಚಿಂಗ್‌ಶಿ

ಬಂದಿಳಿದೆವು. ಬೆಟ್ಟದ ತುಂಬ ಬಿದಿರು — ಬರೀ ಬಿದಿರು. ಹಿಂದಿನ ಸಲ ಕರ್ಪೂರದ ಮರಗಳಿದ್ದವು, ಹಕ್ಕಿಗಳು ಕೂಗುತ್ತಿದ್ದವು. ಈಗ ಗಾಳಿಯ ಸದ್ದು ಮಾತ್ರ.

ಫ್ಯಾಕ್ಟರಿ ಯಜಮಾನ ಕ್ವಾಂಗ್. ಇದೇ ಊರಿನ ದೋಣಿ ನಡೆಸುವ ಹೆಂಗಸಿನ ಮಗ. ನಗುಮುಖ. ಕಳಲೆ ಪಲ್ಯ ಬಡಿಸಿ, ತಾನೇ ಎಲ್ಲ ತೋರಿಸಿದ.

"ಲುವೊ ಅಣ್ಣ, ಬಿದಿರಿಗೆ ಗೊಬ್ಬರ ಬೇಡ, ಔಷಧಿ ಬೇಡ, ನೀರು ಕಟ್ಟೋದು ಬೇಡ. ಕಡಿದ್ರೆ ತಾನೇ ಚಿಗುರುತ್ತೆ. ಹತ್ತಿ ಹಂಗಲ್ಲ."

ನಿಜ. ಒಪ್ಪಿದೆ. ಮುಂದೆ ಹೋದೆವು. ಬಿದಿರನ್ನು ಚೂರು ಮಾಡಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸುತ್ತಾರೆ. ತಿರುಳನ್ನು ಇನ್ನೊಂದು ರಾಸಾಯನಿಕ ಹಾಕಿ ಕರಗಿಸಿದರೆ ಜೇನಿನಂಥ ಪಾಕ. ಅದನ್ನು ಸಣ್ಣ ತೂತುಗಳಿಂದ ಆಮ್ಲದೊಳಗೆ ಬಿಟ್ಟರೆ ಎಳೆ.

"ಇದರಲ್ಲಿ ಬಿದಿರು ಎಲ್ಲಿ?"

"ಇದೇ ಬಿದಿರು, ಅಣ್ಣ."

"ನಮ್ಮ ತಾತನ್ನ ಸುಟ್ಟ ಬೂದೀಲೂ ಇದಕ್ಕಿಂತ ಹೆಚ್ಚು ಗುರುತು ಸಿಕ್ಕಿತ್ತಲ್ಲಯ್ಯ!"

ನಕ್ಕ. ನಾನೂ ನಕ್ಕೆ. ಹಿಂದಿನ ಗೋಡೆಯಾಚೆ ಒಂದು ಕೊಳವೆ ಕಂಡಿತು. ಅಲ್ಲಿಗೆ ಮಾತ್ರ ಕರೆದೊಯ್ಯಲಿಲ್ಲ.

ಜುಲೈ 7, ಬೆಳಿಗ್ಗೆ

ದಂಡೆಗೆ ಹೋದೆ. ಬಾಯಿ ತೆರೆದೆ. ಮುಚ್ಚಿದೆ. ಕೊಳೆತ ಮೂಲಂಗಿಯ ನಾತ. ಹಳದಿ ನೊರೆ. ಗರ್ಜಿಸುವುದಿರಲಿ, ಉಸಿರು ಎಳೆಯಲೂ ಆಗಲಿಲ್ಲ.

ಮೆಟ್ಟಿಲ ಮೇಲೆ ಒಬ್ಬ ಮುದುಕಿ. ಕ್ವಾಂಗನ ತಾಯಿಯೇ.

"ಇಲ್ಲಿ ಕೂಗಬೇಡ ಕಣಪ್ಪ, ತಲೆನೋವು ಬರುತ್ತೆ. ನಮ್ಮ ಬಾತುಕೋಳಿಗಳೇ ನೀರಿಗೆ ಇಳಿಯಲ್ಲ."

"ಮಗನಿಗೆ ಹೇಳ್ಲಿಲ್ವಾ, ಅಮ್ಮಾ?"

"ಹೇಳ್ದೆ. ಮುಂದಿನ ವರ್ಷ ಅಂದ. ನನಗೆ ಆರು ಬನಿಯನ್ ಕೊಟ್ಟ."

ತೊಟ್ಟಿದ್ದಳು. ಅಳತೆ ಸರಿಯಾಗಿತ್ತು.

ಅದೇ ದಿನ, ಮಧ್ಯಾಹ್ನ

ಈಗ ನೆನಪಾಯಿತು — ಆಣೆಯ ದೃಶ್ಯ! ನದಿ ಕಾಯುವ ಸೇನಾಪತಿ ಬಟ್ಟಲ ನೀರು ಕುಡಿದು ಆಣೆ ಮಾಡಬೇಕು. ನೀರು ಆಡುವ ಊರಿನ ನದಿಯದೇ ಆಗಬೇಕು. ಗುರುಗಳ ಕಟ್ಟಳೆ. ಮೊದಲ ಗುಟುಕು ಎದುರು ಸಾಲಿನ ದೊಡ್ಡ ಅತಿಥಿಗೆ, ಎರಡನೆಯದು ಸೇನಾಪತಿಗೆ. ಹೊಟ್ಟೆ ಕೆಟ್ಟದ್ದುಂಟು, ಕಟ್ಟಳೆ ಕೆಟ್ಟದ್ದಿಲ್ಲ.

ಟಾನ್ ಅಕ್ಕನಿಗೆ ಹೇಳಿದೆ. ಬಾಟಲಿ ನೀರು ತಂದಿಟ್ಟಳು.

"ತಮ್ಮಾ, ಒಂದೇ ಒಂದು ಸಲ. ಮೂರು ವರ್ಷದ ಅನ್ನ ಕಣೋ."

"ಜನ ನನ್ನ ಮಾತು ಯಾಕೆ ನಂಬ್ತಾರೆ ಅಕ್ಕ? ಅವರೂರಿನ ನೀರು ಕುಡಿದು ಹೇಳ್ತೀನಿ ಅಂತ."

ಅಕ್ಕ ಎದ್ದು ಹೋದಳು. ಬಾಟಲಿ ಅಲ್ಲೇ ಇತ್ತು. ಮುಖಕ್ಕೆ ಕರಿ ಬಳಿದುಕೊಳ್ಳಲು ಕೂತೆ.

ಜುಲೈ 8

ಆದದ್ದು ಆಯಿತು. ಬರೆದಿಡುತ್ತೇನೆ.

ಆಣೆಯ ದೃಶ್ಯ. ಡೋಲು ನಿಂತಿತು. ನಾನೇ ರಂಗದಿಂದ ಇಳಿದೆ, ಬಾವುಟಗಳ ಸಮೇತ ಮೆಟ್ಟಿಲಿಳಿದು ನದಿಯಲ್ಲಿ ಬಟ್ಟಲು ಅದ್ದಿದೆ. ಊರಿಗೆ ಊರೇ ಎದ್ದು ನಿಂತಿತು. ನೇರ ಕ್ವಾಂಗನ ಮುಂದೆ ಹೋಗಿ ಬಟ್ಟಲು ಹಿಡಿದೆ.

"ಅತಿಥಿಗಳೇ, ಮೊದಲ ಗುಟುಕು ತಮ್ಮದು!"

ತೆಗೆದುಕೊಂಡ. ಮೂಗಿನವರೆಗೆ ಒಯ್ದ. ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಅವನ ತಾಯಿ, ಮಗನ ಮುಖವನ್ನೇ ನೋಡುತ್ತಿದ್ದಳು.

ಹಿಂದಿನಿಂದ ಯಾರೋ ಕೂಗಿದರು: "ಕುಡೀರಿ ಯಜಮಾನ್ರೇ! ನಾವು ದಿನಾ ಅದ್ರಲ್ಲೇ ಸೊಪ್ಪು ತೊಳೀತೀವಿ!"

ಕುಡಿಯಲಿಲ್ಲ. ಬಟ್ಟಲನ್ನು ಕಾಲ ಬಳಿ ಇಟ್ಟ.

ಆಗ ನಾನು ನಿಲುವಂಗಿ ಬಿಚ್ಚಿದೆ, ಮಣಿ ಬನಿಯನ್ ಬಿಚ್ಚಿದೆ, ಮೆತ್ತನೆಯದನ್ನು ಎಲ್ಲರಿಗೂ ತೋರಿಸಿದೆ. ಮೈಕು ಬೇಡವೆಂದು ತಳ್ಳಿದೆ.

"ಈ ಬಟ್ಟೆ ಒಳ್ಳೇದು! ನನ್ನ ಬೆನ್ನೇ ಸಾಕ್ಷಿ! ಬಿದಿರೂ ಒಳ್ಳೇದು! ಆದರೆ ಬಿದಿರಿಂದ ಬನಿಯನ್‌ಗೆ ಬರೋ ದಾರೀಲಿ ಈ ಬಟ್ಟಲು ಇದೆ. ಇದನ್ನ ಕುಡಿಯೋ ಹಂಗೆ ಮಾಡಿ — ಪುಕ್ಕಟೆ ಬಂದು ಕೂಗ್ತೀನಿ, ಮೂರು ಪ್ರಾಂತ್ಯಕ್ಕೆ ಕೇಳೋ ಹಂಗೆ!"

ನಾನೂ ಕುಡಿಯಲಿಲ್ಲ. ಆಣೆ ಇಲ್ಲದೆ ಆಟ ನಿಂತಿತು. ಇಷ್ಟು ವರ್ಷದಲ್ಲಿ ಮೊದಲ ಸಲ.

ಜುಲೈ 9

ಒಪ್ಪಂದ ರದ್ದು. ಲಾರಿಗೆ ಪೆಟ್ಟಿಗೆ ಏರಿಸುವಾಗ ಟಾನ್ ಅಕ್ಕ ನನ್ನ ಕಡೆ ನೋಡಲಿಲ್ಲ. ಪು ಚಿಕ್ಕಮ್ಮ ಮಾತ್ರ: "ಹೊಟ್ಟೆ ಬಿಟ್ಕೊಂಡು ನಿಂತಿದ್ದೆ. ಊರೆಲ್ಲ ನೋಡ್ತು." ಆಮೇಲೆ ಮೆಲ್ಲಗೆ, "ದನಿ ಚೆನ್ನಾಗಿತ್ತು."

ನವೆಂಬರ್ 16

ಅರ್ಧ ಮೇಳ ಖಾಲಿ. ಮದುವೆ ಮನೆಗಳಲ್ಲಿ ಆಡುತ್ತಿದ್ದೇವೆ. ಗಂಟಲು ಸರಿ ಇದೆ.

ಮೇ 30

ಕ್ವಾಂಗನ ಫೋನು. ಟಾನ್ ಅಕ್ಕ ಸ್ಪೀಕರಿಗೆ ಹಾಕಿದಳು.

"ಲುವೊ ಅಣ್ಣ, ಪುಕ್ಕಟೆ ಅಂದಿದ್ರಿ. ನೆನಪಿದೆಯಾ?"

"ನನಗೆ ಸಾಲು ಮರೆತುಹೋದ ಇತಿಹಾಸವೇ ಇಲ್ಲ!"

"ಬಟ್ಟಲು ತನ್ನಿ."

ಫೋನಿಟ್ಟ. ಅಕ್ಕ ಆಗಲೇ ಪೆಟ್ಟಿಗೆಯಲ್ಲಿ ಬಟ್ಟಲು ಹುಡುಕುತ್ತಿದ್ದಳು.

ಜೂನ್ 12, ಚಿಂಗ್‌ಶಿ, ಆಟಕ್ಕೆ ಮುಂಚೆ

ಬೆಳಿಗ್ಗೆ ದಂಡೆಯಲ್ಲಿ ಗರ್ಜಿಸಿದೆ. ಉಸಿರು ಪೂರ್ತಿ ಬಂತು. ನಾತ ತೀರಾ ಹೋಗಿಲ್ಲ — ಗಾಳಿ ತಿರುಗಿದಾಗ ಒಂದೆಳೆ ಬರುತ್ತದೆ. ಕೊಳವೆಯ ಬಾಯಿಗೆ ಈಗ ದೊಡ್ಡ ತೊಟ್ಟಿಗಳು. ರಾಸಾಯನಿಕವನ್ನು ಹಿಡಿದು ಮತ್ತೆ ಬಳಸುತ್ತಾರಂತೆ. ಮುದುಕಿಯ ಬಾತುಕೋಳಿ ಎರಡು ಇಳಿದಿವೆ. ಉಳಿದವು ಮೆಟ್ಟಿಲ ಮೇಲೆ ನಿಂತು ಯೋಚಿಸುತ್ತಿವೆ. ಬೆಟ್ಟ ಹಾಗೇ ಇದೆ, ಬರೀ ಬಿದಿರು. ಅದರ ಮಾತು ಎತ್ತಿದ್ದಕ್ಕೆ ಕ್ವಾಂಗ್, "ಅಣ್ಣ, ಒಂದು ಸಲಕ್ಕೆ ಒಂದು ಬಟ್ಟಲು" ಎಂದ. ಬಿಡುವವನಲ್ಲ ನಾನು.

ಪರದೆಯ ಸಂದಿಯಿಂದ ನೋಡಿದೆ. ಎದುರು ಸಾಲಿನಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ತಾಯಿ. ಅವನ ಪ್ಯಾಂಟು ಮೊಣಕಾಲವರೆಗೆ ಒದ್ದೆ. ಬಟ್ಟಲನ್ನು ತಾನೇ ತುಂಬಿಕೊಂಡು ಬಂದು ತೊಡೆಯ ಮೇಲೆ ಹಿಡಿದಿದ್ದಾನೆ. ತುಳುಕದಂತೆ.

ಎತ್ತಿದ. ತಾಯಿ ಅವನ ಕೈ ತಡೆದಳು. ತಾನೇ ಮೊದಲು ಮೂಸಿದಳು. ಕೈ ಬಿಟ್ಟಳು.

ಕುಡಿದ!

ಜನ ಕಿರುಚುತ್ತಿದ್ದಾರೆ. ಮೂರ್ಖ, ಅದು ಮೂರನೇ ಅಂಕಕ್ಕೆ! ಡೋಲಿನವನೂ ಗಾಬರಿಯಾಗಿ ಹೊಡೆದೇಬಿಟ್ಟ. ಪು ಚಿಕ್ಕಮ್ಮ ಬೆನ್ನಿಗೆ ಬಾವುಟ ಬಿಗಿಯುತ್ತಾ ಗುದ್ದುತ್ತಿದ್ದಾಳೆ — ಬರೆದದ್ದು ಸಾಕು, ಹೋಗು. ಬಟ್ಟಲಲ್ಲಿ ಇನ್ನೊಂದು ಗುಟುಕು ಉಳಿದಿದೆ. ಅದು ನನ್ನದು. ಸಾಲು ನಾಲಿಗೆಯ ತುದಿಯಲ್ಲೇ ಇದೆ: ಈ ನದಿಯ ಆಣೆಗೂ—